ಅಲಾರಂ ಕೂಗಿದಾಗ ಮೊದಲು ಏಳುವವರು ಯಾರು?

ಹಾಸ್ಟೆಲ್‌ನ ಫೈರ್ ಡ್ರಿಲ್ ಸಾಮಾನ್ಯವಾಗಿ ಹೀಗಿರುತ್ತದೆ: ಅಲಾರಂ ಕೂಗುತ್ತದೆ, ಹುಡುಗರು ಗೊಣಗುತ್ತ ಇಳಿಯುತ್ತಾರೆ, ಸೆಕ್ಯುರಿಟಿಯವರು ತಲೆ ಎಣಿಸುತ್ತಾರೆ, ರಿಜಿಸ್ಟರ್‌ನಲ್ಲಿ ಸಹಿ ಬೀಳುತ್ತದೆ. ಇದರಿಂದ ಯಾರೂ ಏನೂ ಕಲಿಯುವುದಿಲ್ಲ. ಅದೇ ಸಂಜೆಯನ್ನು ಪೂರ್ತಿ ವಿದ್ಯಾರ್ಥಿಗಳ ಕೈಗೆ ಒಪ್ಪಿಸಿ, ವಾರ್ಡನ್ ಗಡಿಯಾರ ಹಿಡಿದು ದೂರ ನಿಂತರೆ, ಕ್ಯಾಂಪಸ್‌ನಲ್ಲಿ ನಾಯಕತ್ವ ಕಲಿಸಲು ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ಯಾಕೆ ಎಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲೇ ವಾಸಿಸುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಫಾರ್ಮ್ ತುಂಬಲು ಕೊಟ್ಟು, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದವರಲ್ಲಿ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗದಂತೆ ಸುಮ್ಮನೆ ಕೂತಿರಲು ಮೊದಲೇ ಹೇಳಿಟ್ಟ ಇಬ್ಬರು ಪಕ್ಕದಲ್ಲಿದ್ದಾಗ ಎದ್ದವರು ನೂರಕ್ಕೆ 10 ಮಾತ್ರ. ಉಳಿದವರು ಹೊಗೆಯನ್ನು ಕೈಯಿಂದ ಸರಿಸಿಕೊಂಡು ಬರೆಯುತ್ತಲೇ ಇದ್ದರು. ಅವರಿಗೆ ಬುದ್ಧಿಯ ಕೊರತೆ ಇರಲಿಲ್ಲ. ಪಕ್ಕದವರು ಏಳಲಿಲ್ಲವಾದ್ದರಿಂದ ತಾವೂ ಏಳಲಿಲ್ಲ. ಈ ಕಟ್ಟನ್ನು ಬಿಡಿಸುವುದೇ ಡ್ರಿಲ್‌ನ ದಿನದ ಕೆಲಸ.

ಬೆಳಿಗ್ಗೆ ಕೆಲಸ ಹಂಚಬೇಕು. ಸುಮಾರು 30 ಜನರಿರುವ ಮಹಡಿಗೆ ಆರು ಮಂದಿ ಸಾಕು: ಒಬ್ಬ ಲೀಡರ್, ಹೊರಹೋಗುತ್ತಲೇ ರೂಮು ಮತ್ತು ಬಾತ್‌ರೂಮು ನೋಡುವ ಇಬ್ಬರು, ಮೆಟ್ಟಿಲ ಬಾಗಿಲಲ್ಲಿ ಒಬ್ಬರು, ಎಲ್ಲರೂ ಸೇರುವ ಜಾಗದಲ್ಲಿ ಹೆಸರಿನ ಪಟ್ಟಿ ಹಿಡಿದವರು ಒಬ್ಬರು, ಕಾಲು ಪೆಟ್ಟಾದವರ ಅಥವಾ ಮೆಟ್ಟಿಲಿಳಿಯಲು ಕಷ್ಟವಿರುವವರ ಜೊತೆಗೆ ಒಬ್ಬರು. ಈ ಕೊನೆಯ ಏರ್ಪಾಟನ್ನು ಅವರನ್ನೇ ಕೇಳಿ ಮಾಡಬೇಕು. ಅವರ ಪರವಾಗಿ ಬೇರೆಯವರು ತೀರ್ಮಾನಿಸಬಾರದು. ಪಟ್ಟಿಯನ್ನು ಗುಂಪಿನಲ್ಲಿ ಬಾಯಿ ಬಿಡದವರಿಗೆ ಕೊಡಿ. ಕೈಯಲ್ಲಿ ಪಟ್ಟಿ ಇದ್ದರೆ ಎಲ್ಲರೂ ಅವರ ಬಳಿಗೇ ಬರಬೇಕಾಗುತ್ತದೆ, ಜೋರು ದನಿ ಇಲ್ಲದೆಯೂ ಅವರ ಮಾತು ನಡೆಯುತ್ತದೆ.

ಪ್ರತಿಯೊಬ್ಬರ ಕೆಲಸವನ್ನು ಒಂದೆರಡು ವಾಕ್ಯದಲ್ಲಿ ಚೀಟಿಯ ಮೇಲೆ ಬರೆದುಕೊಡಬೇಕು. ‘ಸಹಾಯ ಮಾಡಿ’ ಎಂದು ಬರೆದರೆ ಅದು ಕೆಲಸವೇ ಅಲ್ಲ. ‘ಪ್ರತಿ ಬಾಗಿಲು ತಟ್ಟಿ, ಕೂಗಿ ಕರೆಯಿರಿ, ಬಾಗಿಲು ಎಳೆದುಕೊಳ್ಳಿ, ಬೀಗ ಹಾಕಬೇಡಿ, ಹೊಗೆ ಕಂಡರೆ ಅಲ್ಲಿಂದಲೇ ಹಿಂತಿರುಗಿ’ ಎಂಬುದು ಕೆಲಸ. ಆಮೇಲೆ ಆರೂ ಜನ ದಾರಿಯುದ್ದಕ್ಕೂ ನಡೆದು, ತಮ್ಮ ತಮ್ಮ ಕೆಲಸವನ್ನು ನಿಂತಲ್ಲೇ ಬಾಯಿಬಿಟ್ಟು ಹೇಳಬೇಕು. ಅಗ್ನಿಶಾಮಕ ದಳಕ್ಕೂ ಸೆಕ್ಯುರಿಟಿಗೂ ಮುಂಚೆಯೇ ತಿಳಿಸಿಡುವುದನ್ನು ಮರೆಯಬಾರದು.

ಸಂಜೆ ಅಲಾರಂ ಕೂಗುತ್ತದೆ. ಮೊದಲ ನಿಮಿಷದಲ್ಲಿ ಆಗುವುದು ಬಹುಪಾಲು ಒಂದೇ: ಬಾಗಿಲುಗಳಿಂದ ತಲೆಗಳು ಹೊರಬರುತ್ತವೆ, ಎದುರು ರೂಮಿನವರ ಮುಖ ನೋಡುತ್ತವೆ, ಒಳಗೆ ಹೋಗುತ್ತವೆ. ಆಗ ಲೀಡರ್ ‘ಎಲ್ಲರೂ ಹೊರಡಿ’ ಎಂದು ಕೂಗಿದರೆ ಪ್ರಯೋಜನ ಕಡಿಮೆ. ‘ಎಲ್ಲರೂ’ ಎಂದರೆ ಯಾರಿಗೆ ಹೇಳಿದಂತೆಯೂ ಆಗುವುದಿಲ್ಲ. ‘204, ಇಬ್ಬರೂ ಹೊರಗೆ ಬನ್ನಿ, ಎಡಗಡೆ ಮೆಟ್ಟಿಲು!’ ಎಂದರೆ ಆ ಇಬ್ಬರು ಹೊರಡುತ್ತಾರೆ. ಅವರು ಹೊರಟದ್ದನ್ನು ಕಂಡು ಪಕ್ಕದವರೂ ಹೊರಡುತ್ತಾರೆ. ಯಾರು, ಏನು, ಎಲ್ಲಿ ಎಂಬ ಮೂರೂ ಒಂದೇ ಉಸಿರಿನಲ್ಲಿ ಬರಬೇಕು. ಇದನ್ನು ಬಾಯಿಪಾಠ ಮಾಡಿಸಿ ಕಲಿಸಲಾಗದು, ಕೂಗಿಸಿಯೇ ಕಲಿಸಬೇಕು.

ಮುಂದಿನ ಎಡವಟ್ಟು ಮೆಟ್ಟಿಲ ಬಳಿ. ಗೆಳೆಯರಿಗಾಗಿ ಕಾಯುವವರು ಅಲ್ಲೇ ನಿಂತು ದಾರಿ ಕಟ್ಟುತ್ತಾರೆ, ಕೆಲವರು ಲಿಫ್ಟಿನತ್ತ ತಿರುಗುತ್ತಾರೆ.

ಎಲ್ಲಕ್ಕಿಂತ ಗಂಭೀರವಾದದ್ದು ಕೆಳಗೆ ಎಣಿಸುವಾಗ ಎದುರಾಗುತ್ತದೆ. ಪಟ್ಟಿಯಲ್ಲಿ 31 ಹೆಸರು, ನಿಂತವರು 28. ಲೀಡರ್ ಆದವರು ಥಟ್ಟನೆ ಮಾಡುವುದು ಮತ್ತೆ ಮೇಲಕ್ಕೆ ಓಡುವುದು. ಧೈರ್ಯವಂತರೇ ಈ ತಪ್ಪು ಮಾಡುತ್ತಾರೆ, ಆದ್ದರಿಂದಲೇ ಇದನ್ನು ಮೊದಲೇ ತಡೆಯಬೇಕು. ಕಟ್ಟಡದೊಳಗೆ ಮರಳಿ ಯಾರೂ ಹೋಗುವಂತಿಲ್ಲ. ಕಾಣದವರ ಹೆಸರು, ರೂಮ್ ನಂಬರ್, ಕೊನೆಗೆ ಕಂಡ ಜಾಗ, ಇಷ್ಟನ್ನು ಅಗ್ನಿಶಾಮಕ ಸಿಬ್ಬಂದಿಗೆ ಹೇಳುವುದೇ ಲೀಡರ್‌ನ ಕೆಲಸ. ಮೂವರಲ್ಲಿ ಇಬ್ಬರು ಊರಿಗೆ ಹೋಗಿರಬಹುದು, ಒಬ್ಬರು ಲೈಬ್ರರಿಯಲ್ಲಿರಬಹುದು. ಪಟ್ಟಿಯನ್ನು ದಿನವೂ ತಿದ್ದದಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಅತಿಥಿಗಳ ಹೆಸರೂ ಅದರಲ್ಲಿರಬೇಕು.

ಇನ್ನೊಂದು ತಪ್ಪು ಚುರುಕಾದ ವಿದ್ಯಾರ್ಥಿಗಳದ್ದು: ಬಾಗಿಲು ತಟ್ಟುವುದು, ದಾರಿ ತೋರಿಸುವುದು, ಎಣಿಸುವುದು, ಎಲ್ಲವನ್ನೂ ತಾವೇ ಮಾಡಲು ಹೋಗುತ್ತಾರೆ. ಉಳಿದ ಐವರು ಚೀಟಿ ಹಿಡಿದು ನಿಂತಿರುತ್ತಾರೆ. ಲೀಡರ್ ಒಂದೇ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಬೇಕು. ಸುದ್ದಿ ಅವರಿದ್ದಲ್ಲಿಗೆ ಬರಬೇಕು.

ಡ್ರಿಲ್ ಮುಗಿದ ಮೇಲೆ ಎಲ್ಲರೂ ಚೆದುರುವ ಮೊದಲು, ಅಲ್ಲೇ ನೆಲದ ಮೇಲೆ ಕೂತು 15 ನಿಮಿಷ ಮಾತಾಡಬೇಕು. ಮರುದಿನಕ್ಕೆ ಬಿಟ್ಟರೆ ‘ಚೆನ್ನಾಗಿತ್ತು’ ಎಂಬುದಷ್ಟೇ ಉಳಿಯುತ್ತದೆ. ಏನು ಕಂಡಿರಿ, ಏನು ಮಾಡಿದಿರಿ, ಮುಂದಿನ ಸಲ ಏನು ಬದಲಿಸುತ್ತೀರಿ? ಕೆಲಸ ಹೊತ್ತವರು ಮೊದಲು, ಆಮೇಲೆ ಉಳಿದವರು, ಅವರ ನಂತರ ಲೀಡರ್, ವಾರ್ಡನ್ ಎಲ್ಲರಿಗಿಂತ ಕೊನೆಗೆ. ವಾರ್ಡನ್ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸಿ ಮುಗಿಸುತ್ತಾರೆ. ಸಿಕ್ಕ ಪ್ರತಿ ದೋಷದ ಮುಂದೆ ಸರಿಪಡಿಸುವವರ ಹೆಸರು ಮತ್ತು ತಾರೀಖು ಬರೆಯಬೇಕು. ನೀರಿನ ಸಮಸ್ಯೆಗೂ ಮೆಸ್‌ನ ದೂರಿಗೂ ಇದೇ ಕ್ರಮ ಸಾಕಾಗುತ್ತದೆ, ಹುಡುಗರು ತಾವಾಗಿಯೇ ಅದನ್ನು ಅಲ್ಲಿಗೂ ಒಯ್ಯುತ್ತಾರೆ.

ಮುಂದಿನ ಡ್ರಿಲ್‌ಗೆ ಕೆಲಸಗಳೆಲ್ಲ ಕೈ ಬದಲಾಯಿಸಬೇಕು. ಹಳೆಯ ಲೀಡರ್ ಹೊಸಬರಿಗೆ ಹೇಳಿಕೊಡಬೇಕು, ಅಂದು ಸಂಜೆ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಮೂರನೆಯ ಡ್ರಿಲ್‌ನಲ್ಲಿ ಯಾರಿಗೂ ತಿಳಿಸದೆ ಲೀಡರ್‌ನನ್ನೇ ಬದಿಗೆ ಕರೆದು ನಿಲ್ಲಿಸಿಬಿಡಿ. ಎಷ್ಟು ಸೆಕೆಂಡಿನಲ್ಲಿ ಇನ್ನೊಬ್ಬರು ‘204, ಹೊರಗೆ ಬನ್ನಿ’ ಎಂದು ಕೂಗುತ್ತಾರೆ ಎಂದು ಅಳೆದು, ರಿಜಿಸ್ಟರ್‌ನಲ್ಲಿ ಒಟ್ಟು ಇಳಿದ ಸಮಯದ ಪಕ್ಕದಲ್ಲೇ ಅದನ್ನೂ ಬರೆಯಿರಿ.