ನನ್ನ ಬಗ್ಗೆ ಕೆಲವು ಸಂಗತಿಗಳು, ಅವುಗಳ ಹಿಂದಿರುವ ಕೆಲವರು

ನಿಮ್ಮ ಬಗ್ಗೆ ಸ್ವಾರಸ್ಯವಾದದ್ದೇನಾದರೂ ಹೇಳಿ ಎಂದು ಯಾರಾದರೂ ಕೇಳಿದರೆ, ನಾನು ಎಡಗೈಯಲ್ಲಿ ಬರೆಯುತ್ತೇನೆ ಎಂಬುದನ್ನೇ ಮೊದಲು ಹೇಳುತ್ತೇನೆ. ಸುಮಾರು ಹತ್ತು ಜನರಲ್ಲಿ ಒಬ್ಬರು ಎಡಚರಾಗಿರುವುದರಿಂದ ಇದೇನೂ ಅಪರೂಪದ ಗುಣವಲ್ಲ. ಆದರೆ ಅದು ನನ್ನಲ್ಲಿ ಉಳಿದದ್ದು ಒಬ್ಬ ಶಿಕ್ಷಕಿಯಿಂದ. ಹಾಗಾಗಿ ಅವರನ್ನು ನೆನೆಯದೆ ಅದನ್ನು ಹೇಳಲು ನನಗೆ ಮನಸ್ಸಾಗುವುದಿಲ್ಲ. ನನ್ನ ಬಗೆಗಿನ ಯಾವ ಸಂಗತಿಯನ್ನು ತೆಗೆದುಕೊಂಡರೂ ಅದರ ಹಿಂದೆ ಹೀಗೆ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಎಡದಿಂದ ಬಲಕ್ಕೆ ಸಾಗುವ ಬರವಣಿಗೆಯಲ್ಲಿ ಎಡಗೈ ಆಗತಾನೇ ಬರೆದ ಅಕ್ಷರಗಳ ಮೇಲೆಯೇ ಹಾದುಹೋಗುವುದರಿಂದ ಶಾಯಿ ಹರಡುತ್ತದೆ, ಕೈಯ ಅಂಚಿಗೂ ಮೆತ್ತಿಕೊಳ್ಳುತ್ತದೆ. ಪೆನ್ಸಿಲನ್ನು ಬಲಗೈಗೆ ಬದಲಿಸು ಎಂದು ಬಹಳಷ್ಟು ಮಂದಿ ಹೇಳುತ್ತಿದ್ದಾಗ ಆ ಶಿಕ್ಷಕಿ ಮಾತ್ರ ನನ್ನ ಪುಸ್ತಕವನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸ್ವಲ್ಪ ಓರೆಯಾಗಿಸಿ, ಕೈ ಸಾಲಿನ ಕೆಳಗೇ ಉಳಿಯುವಂತೆ ಹಿಡಿದು ಬರೆಯುವುದನ್ನು ತೋರಿಸಿಕೊಟ್ಟರು. ಪಕ್ಕದವರ ಮೊಣಕೈಗೆ ನನ್ನ ಮೊಣಕೈ ತಾಗದಿರಲೆಂದು ಬೆಂಚಿನ ಎಡತುದಿಯಲ್ಲಿ ಕೂರಿಸಿದವರೂ ಅವರೇ. ಒಂದು ಮಗುವನ್ನು ತಿದ್ದಲು ಹೊರಡುವ ಮೊದಲು ಅದರ ಕೈಯನ್ನು ಗಮನವಿಟ್ಟು ನೋಡುವುದೇ ನಿಜವಾದ ಪಾಠ ಹೇಳುವಿಕೆ ಎಂದು ನಾನು ನಂಬಿರುವುದು ಅವರನ್ನು ಕಂಡೇ.

ಈಚೆಗೆ ಅವರಿಗೆ ಇದನ್ನೆಲ್ಲ ವಿವರವಾಗಿ ಬರೆದು ಪತ್ರ ಕಳಿಸಿದೆ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೃತಜ್ಞತೆಯ ಪತ್ರ ಬರೆಯುವವರು ಓದುವವರಿಗಾಗುವ ಮುಜುಗರವನ್ನು ಇರುವುದಕ್ಕಿಂತ ಹೆಚ್ಚಾಗಿಯೂ, ಅವರಿಗಾಗುವ ಸಂತೋಷವನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ಅಂದಾಜಿಸುತ್ತಾರೆ. ನನ್ನ ಶಿಕ್ಷಕಿ ಬರೆದ ಉತ್ತರವನ್ನು ಓದಿದ ಮೇಲೆ ಈ ಮಾತು ನನಗೆ ಪೂರ್ತಿ ಮನವರಿಕೆಯಾಯಿತು. ಅವರಿಗೆ ಬೆಂಚಿನ ವಿಷಯ ನೆನಪಿರಲಿಲ್ಲ, ನನ್ನ ಕೈಬರಹ ಮಾತ್ರ ನೆನಪಿತ್ತು.

ಎರಡನೆಯ ಸಂಗತಿ ಚಿಕ್ಕದು: ನೆರಳಿನಿಂದ ಬಿಸಿಲಿಗೆ ಬಂದೊಡನೆ ನನಗೆ ಸೀನು ಬರುತ್ತದೆ. ಇದು ವಂಶವಾಹಿಯ ಮೂಲಕ ಬರುವ ಗುಣವಾದ್ದರಿಂದ, ನನ್ನಂತೆಯೇ ಬಾಗಿಲು ದಾಟುತ್ತಲೇ ಸೀನುವ ಅಪ್ಪನಿಗೆ ಇದಕ್ಕಾಗಿ ಪ್ರೀತಿಯ ವಂದನೆ. ಪತ್ರಿಕೆಯನ್ನು ಕೊನೆಯ ಪುಟದಿಂದ ಓದುವ ಅಭ್ಯಾಸ ಅಣ್ಣನಿಂದ ಬಂದದ್ದು. ಮೊದಲ ಪುಟ ಅವನ ಕೈಯಲ್ಲಿರುತ್ತಿತ್ತು, ಹಿಂದಿನ ಪುಟವನ್ನು ನನ್ನ ಕಡೆಗೆ ತಿರುಗಿಸಿ ಹಿಡಿಯುವಷ್ಟು ಒಳ್ಳೆಯವನು ಅವನು.

ನಾನು ಎಲ್ಲಕ್ಕಿಂತ ಆಳವಾಗಿ ಋಣಿಯಾಗಿರುವ ವ್ಯಕ್ತಿ ಯಾರೆಂಬುದು ಮಾತ್ರ ನನಗೆ ತಿಳಿಯದು. ಚಿಕ್ಕಂದಿನಲ್ಲಿ ಒಂದು ಶಸ್ತ್ರಚಿಕಿತ್ಸೆಯ ವೇಳೆ ನನಗೆ ಬೇರೆಯವರ ರಕ್ತ ಕೊಡಬೇಕಾಯಿತು. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ್ದರಿಂದಲೇ ಅದು ನಿರಪಾಯವಾಗಿ ನಡೆಯಿತು, ಆದ್ದರಿಂದ ಅವರಿಗೂ ನನ್ನ ನಮನ ಸಲ್ಲುತ್ತದೆ. ಆದರೆ ನನ್ನನ್ನು ಹೆಚ್ಚಾಗಿ ಕಾಡುವುದು ಇನ್ನೊಂದು ವಿವರ. ತಂಪಾಗಿಟ್ಟ ಕೆಂಪು ರಕ್ತಕಣಗಳನ್ನು ಸಾಮಾನ್ಯವಾಗಿ ಹೆಚ್ಚೆಂದರೆ 42 ದಿನ ಬಳಸಬಹುದು. ಎಂದರೆ ನನಗೆ ಅದರ ಅಗತ್ಯ ಬೀಳುವುದಕ್ಕೆ ಕೆಲವೇ ವಾರಗಳ ಮೊದಲು, ನಾನು ಇನ್ನೂ ಆಡಿಕೊಂಡಿದ್ದ ಯಾವುದೋ ದಿನ, ಯಾರೋ ಬಿಡುವು ಮಾಡಿಕೊಂಡು ಹೋಗಿ ತೋಳು ಚಾಚಿ ಮಲಗಿದ್ದರು. ಅದು ಯಾರಿಗೆ ಸೇರುತ್ತದೆಂದು ಅವರು ಕೇಳಲಿಲ್ಲ. ಕೆಂಪು ಕಣಗಳ ಆಯುಷ್ಯ ಸುಮಾರು 120 ದಿನಗಳಷ್ಟೇ ಆದ್ದರಿಂದ ಅವರು ಕೊಟ್ಟದ್ದರ ಒಂದು ಕಣವೂ ಈಗ ನನ್ನ ಮೈಯಲ್ಲಿಲ್ಲ. ಆ ಬಳಿಕ ಮೈಯಲ್ಲಿ ಹರಿದದ್ದೆಲ್ಲ ನನ್ನದೇ ಮಜ್ಜೆಯಲ್ಲಿ ಹುಟ್ಟಿದ್ದು, ಆದರೆ ಹುಟ್ಟಲು ಅವಕಾಶ ಕೊಟ್ಟವರು ಅವರು.

ಹೆಸರು ಗೊತ್ತಿಲ್ಲದವರಿಗೆ ಪತ್ರ ಬರೆಯಲು ಬರುವುದಿಲ್ಲ. ಹಾಗಾಗಿ ವಯಸ್ಸು ತುಂಬಿದಾಗಿನಿಂದ, ವೈದ್ಯರು ಹೇಳುವ ಅಂತರವನ್ನು ಪಾಲಿಸುತ್ತ, ನಾನೂ ರಕ್ತ ಕೊಡುತ್ತ ಬಂದಿದ್ದೇನೆ. ಸೂಜಿಯನ್ನು ಕಂಡರೆ ಹಿಂದೆ ಸರಿಯುತ್ತಿದ್ದ ಅಣ್ಣ, ಮುಂದಿನ ಸರದಿಗೆ ತಾನೂ ಜೊತೆಗೆ ಬರುವುದಾಗಿ ಮೊನ್ನೆ ಹೇಳಿದ್ದಾನೆ. ಅದಕ್ಕಾಗಿ ಅವನಿಗೆ ಇಲ್ಲಿಯೇ ಮುಂಚಿತವಾಗಿ ಧನ್ಯವಾದ ಹೇಳಿಬಿಡುತ್ತೇನೆ.