"ಮೇಸ್ತ್ರಿ, ನೀವು ಏನು ಓದಿದ್ದೀರಿ?"

ಸಾಗರ ರಸ್ತೆಯ ಗ್ಯಾರೇಜಿನಲ್ಲಿ ಮೊನ್ನೆ ಮಂಗಳವಾರ ಕೇಳಿದ ಈ ಪ್ರಶ್ನೆ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ತೀರ್ಥಹಳ್ಳಿಯ ತೋಟದಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಸಾಗಿಸುವ ನಮ್ಮ ಪಿಕಪ್‌ನ ಎಂಜಿನ್ ಆಯಿಲ್ ಪರೀಕ್ಷೆಯ ವರದಿ ಬಂದಿತ್ತು. ಮಣ್ಣಿನ ಧೂಳಿನಲ್ಲಿರುವ ಸಿಲಿಕಾನ್ 10 ಲಕ್ಷಕ್ಕೆ 46 ಭಾಗವಿತ್ತು. ಲೂಬ್ರಿಕೇಶನ್ ವಿಷಯದಲ್ಲಿ ಪ್ರಮಾಣಪತ್ರ ಪಡೆದಿರುವ ಎಂಜಿನಿಯರು, ಅಂದರೆ ನನ್ನ ಸ್ನೇಹಿತರ ಮಗ, ಅದನ್ನು ನೋಡಿದೊಡನೆ ಕೆಮ್ಮಣ್ಣು ರಸ್ತೆಯ ಧೂಳು ಏರ್ ಫಿಲ್ಟರ್ ದಾಟಿ ಒಳಸೇರಿದೆ, ಎಂಜಿನ್ ಬಿಚ್ಚಲೇಬೇಕು ಎಂದರು. ಮೇಸ್ತ್ರಿ ತಗ್ಗಿದ ದನಿಯಲ್ಲಿ, "ಸರ್, ಹೋದ ತಿಂಗಳು ಎಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಿ ಕೂರಿಸುವಾಗ ಸೋರದಿರಲೆಂದು ಸಿಲಿಕಾನ್ ಪೇಸ್ಟ್ ಹಾಕಿದ್ದೆ. ಧೂಳೇ ಒಳಹೋಗಿದ್ದರೆ ಸಿಲಿಂಡರಿನ ಒಳಗೋಡೆಯ ಲೈನರ್ ಸವೆದು ಕಬ್ಬಿಣವೂ ಏರಬೇಕಿತ್ತಲ್ಲ?" ಎಂದರು. ಅದಕ್ಕೆ ಉತ್ತರವಾಗಿ ಬಂದದ್ದು ಆ ಪ್ರಶ್ನೆ. ಮೇಸ್ತ್ರಿ ಕೈ ಒರೆಸಿಕೊಂಡು ಇನ್ನೊಂದು ವಾಹನದ ಕೆಳಗೆ ಹೋಗಿ ಮಲಗಿದರು.

ಓದನ್ನು ನಾನು ಹಗುರವಾಗಿ ಕಾಣುವವನಲ್ಲ. ಲೋಹ ಅಳೆಯುವ ಯಂತ್ರಕ್ಕೆ ಸುಮಾರು 5ರಿಂದ 10 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಸರಿಯಾಗಿ ಸಿಕ್ಕುವುದಿಲ್ಲವೆಂದೂ, ಒಂದೇ ವರದಿಗಿಂತ ಸಾಲಾಗಿ ಬಂದ ಮೂರು ನಾಲ್ಕು ವರದಿಗಳ ಏರಿಳಿತವನ್ನು ನೋಡಬೇಕೆಂದೂ ನನಗೆ ತಾಳ್ಮೆಯಿಂದ ಕಲಿಸಿದವರು ಅದೇ ಎಂಜಿನಿಯರು. ಆದ್ದರಿಂದಲೇ ಹೆಚ್ಚು ನೋವಾಯಿತು. ಪೇಸ್ಟ್ ಕೂಡ ಎಣ್ಣೆಗೆ ಸಿಲಿಕಾನ್ ಬಿಡುತ್ತದೆ ಎಂಬುದು ಅವರ ವಿದ್ಯೆಯ ಮೊದಲ ಪಾಠಗಳಲ್ಲೇ ಬರುವ ಮಾತು. ಕೈಯಲ್ಲಿದ್ದ ಅದೇ ಕಾಗದದಲ್ಲಿ ಕಬ್ಬಿಣ 14, ಧೂಳಿನ ಜೊತೆಗೇ ಬರುವ ಅಲ್ಯೂಮಿನಿಯಂ 3 ಎಂದಷ್ಟೇ ಇತ್ತು. ಮೇಸ್ತ್ರಿ ಕೇಳಿದ್ದು ಆ ಎರಡು ಸಾಲುಗಳನ್ನು ಓದಿರೆಂದು ಮಾತ್ರ.

ಹಾಗೆಂದು ಮೇಸ್ತ್ರಿಯ ಮಾತೆಲ್ಲ ಸರಿಯೆನ್ನಲಾರೆ. ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ "ಗಟ್ಟಿಯಾಗೇ ಇದೆ" ಎಂದಿದ್ದರು. ವರದಿಯಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ, ಅಂದರೆ ಎಣ್ಣೆ ಎಷ್ಟು ಗಟ್ಟಿ ಎಂಬ ಅಳತೆ, 11.6 ಸೆಂಟಿಸ್ಟೋಕ್ಸ್ ಇತ್ತು. ನಮ್ಮ ಪಿಕಪ್‌ಗೆ ಹಾಕುವ 15ಡಬ್ಲ್ಯೂ-40 ದರ್ಜೆಯ ಎಣ್ಣೆ ಹೊಸದಿದ್ದಾಗ ಅದು ಕನಿಷ್ಠ 12.5 ಇರಬೇಕು. ಡೀಸೆಲ್ ಬೆರೆತರೆ ಹೀಗೆ ತೆಳುವಾಗುತ್ತದೆ, ಇಷ್ಟು ಸಣ್ಣ ವ್ಯತ್ಯಾಸ ಎಷ್ಟೇ ಪಳಗಿದ ಬೆರಳಿಗೂ ತಿಳಿಯದು. ಯಾರ ಓದು ಎಷ್ಟೆಂಬ ಮಾತು ನಡುವೆ ಬಂದದ್ದರಿಂದ ಈ ಅಂಕಿಯನ್ನು ಇಬ್ಬರೂ ನೋಡಲಿಲ್ಲ. ರಾತ್ರಿ ಮನೆಯಲ್ಲಿ ಕಾಗದ ಬಿಡಿಸಿದಾಗ ನನಗೆ ಕಂಡಿತು.

ನಿನ್ನೆ ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿಸಿದೆ, ಒಂದು ತೊಟ್ಟಿಕ್ಕುತ್ತಿತ್ತು. ಅದು ದುರಸ್ತಿಯಾದ ಮೇಲೆ ಹೊಸ ಎಣ್ಣೆಯಲ್ಲಿ ಒಂದಷ್ಟು ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಮೇಸ್ತ್ರಿ ಸ್ಯಾಂಪಲ್ ತೆಗೆದುಕೊಡುತ್ತಾರೆ. ವರದಿಯನ್ನು ಅವರ ಎದುರೇ ಕೂತು ಓದಬೇಕೆಂದು ಎಂಜಿನಿಯರನ್ನು ಕೇಳಿಕೊಂಡಿದ್ದೇನೆ. ಬರುತ್ತೇನೆ ಎಂದಿದ್ದಾರೆ.