ಪಂಚಮಿಗೆ ತವರಿಗೆ ಹೋಗುವ ಪುಸ್ತಕಗಳು

ನಮ್ಮ ಮನೆಯಲ್ಲಿ ಯಾವ ಪುಸ್ತಕ ಎಲ್ಲಿರಬೇಕು ಅಂತ ಮಳೆ ಹೇಳುತ್ತದೆ. ನಾವಿರೋದು ಬೆಳಗಾವಿಯ ವಡಗಾವಿಯಲ್ಲಿ, ಹಳೆಯ ಬಾಡಿಗೆ ಮನೆ. ಜೂನ್ ಮುಗಿಯುವಷ್ಟರಲ್ಲಿ ಪಡುವಣ ಗೋಡೆ ಬೆವರೋಕೆ ಶುರು ಮಾಡುತ್ತದೆ. ಆ ಗೋಡೆಗೆ ಒರಗಿದ ಕಪಾಟನ್ನು ಮೇ ಕೊನೆಗೇ ಖಾಲಿ ಮಾಡುತ್ತೇನೆ. ಕಥೆ, ಕವನದ ತೆಳು ಪುಸ್ತಕಗಳು ಅಡುಗೆಮನೆಯ ಮೇಲಿನ ಹಲಗೆಗೆ. ದಪ್ಪ ಕಾದಂಬರಿಗಳು ತಿಜೋರಿಗೆ, ರೇಷ್ಮೆ ಸೀರೆಗಳ ಪಕ್ಕಕ್ಕೆ. ಉಳಿದವು ಮಂಚದ ಮೇಲೆ ನನ್ನ ತಲೆದಿಂಬಿನ ಕಡೆ.

"ತಿಜೋರ್ಯಾಗ ಮಂದಿ ಬಂಗಾರ ಇಡ್ತಾರ, ನೀ ಕಾದಂಬರಿ ಇಟ್ಟೀದಿ" ಅಂತ ಇವರು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಾರೆ. ಬಂಗಾರಕ್ಕೆ ಬೂಸಲು ಹಿಡಿಯಲ್ಲ, ಹೊರಗಿದ್ದರೂ ನಡೆಯುತ್ತದೆ ಅಂತ ನಾನೂ ವರ್ಷಕ್ಕೊಮ್ಮೆ ಹೇಳುತ್ತೇನೆ.

ನನ್ನ ತವರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಅಲ್ಲಿ ಬಿಸಿಲು, ಧೂಳು, ಲಿಂಬೆ ತೋಟ. ಬೆಳಗಾವಿಯಲ್ಲಿ ಬೀಳುವ ಮಳೆಯ ಅರ್ಧ ಅಲ್ಲಿ ಬಿದ್ದರೆ ಜನ ಖುಷಿಯಾಗುತ್ತಾರೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ್ ಆಗಿದ್ದವರು. ಅವರ ಪುಸ್ತಕಗಳು ಕಟ್ಟಿಗೆ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿರುತ್ತಿದ್ದವು. ಕಾಗದ ಹಳದಿಯಾಗುತ್ತಿತ್ತು, ಅಂಚು ಮುರಿಯುತ್ತಿತ್ತು, ಅಷ್ಟೇ. ಬೂಸಲು ಅಂದ್ರೆ ರೊಟ್ಟಿಗೆ ಬರೋದು ಅಂತ ತಿಳಿದಿದ್ದವಳು ನಾನು.

ಮದುವೆಯಾಗಿ ಬರುವಾಗ ಅಪ್ಪ ಒಂದು ಪುಸ್ತಕ ಕೈಗಿಟ್ಟರು. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ', ಹಳೇ ಪ್ರತಿ. ಖಾಕಿ ಕಾಗದದ ಹೊದಿಕೆ, ಮೇಲೆ ಮಸಿ ಪೆನ್ನಿನಲ್ಲಿ ಅಪ್ಪನ ದುಂಡನೆಯ ಅಕ್ಷರ. "ಯವ್ವಾ, ಇದನ್ನ ನೀ ಒಯ್ಯಿ. ಇಲ್ಲಿದ್ರ ಹುಳ ಹತ್ತತಾವು" ಅಂದರು.

ಹುಳ ಹತ್ತಲಿಲ್ಲ. ಮೊದಲ ಮಳೆಗಾಲದಲ್ಲೇ, ಜುಲೈನಲ್ಲಿ ಒಂದು ದಿನ ತಿಜೋರಿ ತೆಗೆದೆ. ಖಾಕಿ ಹೊದಿಕೆಯ ಮೇಲೆ ವಿಭೂತಿ ಹಚ್ಚಿದ ಹಾಗೆ ಬಿಳಿ. ಬೆರಳಿಂದ ಸವರಿದರೆ ಅದರ ಕೆಳಗೆ ಹಸಿರು. ಬೆನ್ನಿನ ಅಂಟು ಮೆತ್ತಗಾಗಿ, ಪುಟ ತಿರುಗಿಸಿದರೆ ಹಸಿ ಹಪ್ಪಳ ಎತ್ತಿದ ಹಾಗೆ ಆಗುತ್ತಿತ್ತು. ಗಾಬರಿಯಲ್ಲಿ ಒದ್ದೆ ಬಟ್ಟೆ ತಗೊಂಡು ಒರೆಸಿಬಿಟ್ಟೆ. ಅದೇ ತಪ್ಪು. ಬಿಳಿ ಹೋಯಿತು, ಅಪ್ಪನ ಅಕ್ಷರವೂ ಹೋಯಿತು. ಹೆಸರಿನ ಜಾಗದಲ್ಲಿ ಈಗ ಒಂದು ನೀಲಿ ಮೋಡ ಇದೆ.

ಆ ಪುಸ್ತಕಕ್ಕೆ ಬೆಳಗಾವಿ ಹೊಸದೇನಲ್ಲ. ಹಳಕಟ್ಟಿಯವರು ವಕೀಲಿ ಮಾಡುತ್ತಿದ್ದದ್ದು ವಿಜಯಪುರದಲ್ಲಿ. ಊರೂರು ಅಲೆದು, ಮಂದಿಯ ಮನೆಯ ಅಟ್ಟ, ಜಗುಲಿಯಿಂದ ವಚನಗಳ ತಾಳೆಗರಿ ಕಟ್ಟು ಕೂಡಿಸಿದ್ದು ಅಲ್ಲಿದ್ದುಕೊಂಡೇ. ಆದರೆ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲಿ. ಹೆಚ್ಚುಕಡಿಮೆ 200 ಕಿಲೋಮೀಟರ್ ದೂರ. ಆಮೇಲೆ 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಅಂತ ಸ್ವಂತ ಪ್ರೆಸ್ ಹಾಕಿದರು, ಅದಕ್ಕಾಗಿ ಮನೆ ಮಾರಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಇದನ್ನೆಲ್ಲ ಓದುವಾಗ ನನಗೆ ಮಾತ್ರ ಬೇರೆಯದೇ ಚಿಂತೆ. ಆ ಕರಡು ಕಾಗದಗಳು ಬೆಳಗಾವಿಗೆ ಬಂದಿದ್ದು ಯಾವ ತಿಂಗಳು? ಮಳೆಗಾಲ ತಪ್ಪಿಸಿ ಕಳಿಸಿದ್ದರೋ ಹೇಗೆ? ಮನೆ ಮಾರಿ ಪುಸ್ತಕ ಮಾಡಿದವರ ಮುಂದೆ ನನ್ನ ಬೂಸಲಿನ ಗೋಳು ಸಣ್ಣದು, ಒಪ್ಪುತ್ತೇನೆ. ಆದರೂ ಗೋಳು ಗೋಳೇ ಅಲ್ವಾ?

ಪೆಟ್ಟು ತಿಂದು ಕಲಿತದ್ದು ಹೇಳುತ್ತೇನೆ. ಬೂಸಲು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬಾರದು. ಮೊದಲು ಪುಸ್ತಕ ಒಣಗಬೇಕು, ಆಮೇಲೆ ಮನೆ ಹೊರಗೆ ನಿಂತು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಶ್ಶಿನಿಂದ ಉದುರಿಸಬೇಕು. ಒಳಗೇ ಉದುರಿಸಿದರೆ ಅದು ಪಕ್ಕದ ಪುಸ್ತಕಕ್ಕೆ ಹೋಗಿ ಕೂರುತ್ತದೆ. ತೀರಾ ನೆನೆದಿದ್ದರೆ ನಾಲ್ಕಾರು ಪುಟಕ್ಕೊಂದು ನ್ಯೂಸ್‌ಪ್ರಿಂಟ್ ಹಾಳೆ ಇಟ್ಟು ಫ್ಯಾನ್ ಕೆಳಗೆ ಬಿಡಬೇಕು. ಹಾಳೆ ತಾಸಿಗೊಮ್ಮೆ ಬದಲಿಸಬೇಕು. ನುಣುಪು ಕಾಗದದ ಫೋಟೊ ಪುಟಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಒಣಗಿದರೆ ಮುಗೀತು, ಬಿಡಿಸಲು ಹೋಗಬೇಡಿ. ಡಾಂಬರ ಗುಳಿಗೆ ಹುಳಕ್ಕೆ ಆದೀತು, ಬೂಸಲಿಗೆ ಏನೂ ಮಾಡಲ್ಲ. ಮೇಲಾಗಿ ಪುಸ್ತಕ ತೆಗೆದಾಗ ಕಥಾನಾಯಕಿಯೂ ಅದೇ ವಾಸನೆ ಹೊಡೆಯುತ್ತಾಳೆ.

ಬೂಟಿನ ಡಬ್ಬಿಯಲ್ಲಿ ಒಂದು ಸಣ್ಣ ಬಿಳಿ ಪೊಟ್ಟಣ ಇರುತ್ತದಲ್ಲ, ಸಿಲಿಕಾ ಜೆಲ್, ಅದು ಪರವಾಗಿಲ್ಲ. ಖಡೇ ಬಜಾರಿನ ಚಪ್ಪಲಿ ಅಂಗಡಿಯಲ್ಲಿ ಬಿಸಾಡುವ ಪೊಟ್ಟಣ ಕೇಳಿ ತರುತ್ತೇನೆ. ಹುಡುಗ ನನ್ನನ್ನು ನೋಡಿದ ಕೂಡಲೇ "ಅಕ್ಕಾರ, ಇವತ್ತ ಆರ ಅದಾವ" ಅಂತ ಎಣಿಸಿ ಕೊಡುತ್ತಾನೆ. ಚಪ್ಪಲಿ ತಗೊಂಡು ಎರಡು ವರ್ಷ ಆಯಿತು.

ಪಕ್ಕದ ಮನೆಯ ವೈನಿ ಖಾನಾಪುರದ ಕಾಡಿನ ಕಡೆಯವರು. ಅವರ ತವರಲ್ಲಿ ಕಪಾಟಿನೊಳಗೆ ರಾತ್ರಿಯೆಲ್ಲ 40 ವ್ಯಾಟಿನ ಬಲ್ಬು ಉರಿಸುತ್ತಿದ್ದರಂತೆ, ಆ ಬಿಸಿಗೆ ಬಟ್ಟೆ, ಪುಸ್ತಕ ಗರಿಗರಿ. ನಾನೂ ಹಾಕಿ ನೋಡಿದೆ. ಎಲ್ಇಡಿ ಹಾಕಿದ್ದೆ. ಅದು ಬೆಳಕು ಕೊಟ್ಟಿತು, ಬಿಸಿ ಕೊಡಲಿಲ್ಲ. ವಾರದ ಮೇಲೆ ಬೂಸಲು ಸ್ಪಷ್ಟವಾಗಿ ಕಂಡಿತು.

ಕೊನೆಗೆ ಹತ್ತಿದ ದಾರಿ ಇದು. ಪಂಚಮಿಗೆ ತವರಿಗೆ ಹೋಗುವಾಗ ತೀರಾ ಬೇಕಾದ ಪುಸ್ತಕಗಳನ್ನೂ ಕರಕೊಂಡು ಹೋಗುತ್ತೇನೆ. ಒಂದು ಚೀಲದಲ್ಲಿ ಸೀರೆ, ಒಂದರಲ್ಲಿ ಪುಸ್ತಕ. ನಾನು ನಾಲ್ಕು ದಿನ ಉಂಡಿ ತಿಂದು, ಜೋಕಾಲಿ ಆಡಿ ತಿರುಗಿ ಬರುತ್ತೇನೆ. ಅವು ದೀಪಾವಳಿತನಕ ಅಲ್ಲೇ ಇರುತ್ತವೆ. ನಿಜವಾಗಿ ಜೂನ್‌ನಲ್ಲೇ ಒಯ್ಯಬೇಕು, ಆದರೆ ರಜೆ ಸಿಗೋದು ಪಂಚಮಿಗೆ. ಯಾವುದನ್ನು ಒಯ್ಯಬೇಕು ಅಂತ ಆರಿಸುವಾಗ ಮನಸ್ಸು ಕಸಿವಿಸಿ. ಬಿಟ್ಟುಹೋದವು ಮುಖ ಊದಿಸಿಕೊಂಡ ಹಾಗೆ ಕಾಣುತ್ತವೆ, ಕೆಲವು ನಿಜವಾಗಿಯೂ ಊದಿರುತ್ತವೆ.

ಹಾಗಾಗಿ ಶ್ರಾವಣ, ಭಾದ್ರಪದದಲ್ಲಿ ನನ್ನ ಓದು ಏನು ಉಳಿದಿದೆಯೋ ಅದು. ಐದಕ್ಕೆ ಎದ್ದು, ಚಹಾ ಇಟ್ಟು, ಅಡುಗೆಮನೆ ಕಟ್ಟೆಗೆ ಒರಗಿ ಒಂದು ಕಥೆ. ಬೇಸಿಗೆಯಲ್ಲಿ ಮುಟ್ಟದೇ ಬಿಟ್ಟ ಪುಸ್ತಕಗಳನ್ನು ನಾನು ಓದಿದ್ದೆಲ್ಲ ಹೀಗೆ. ಹೊಸದನ್ನು ಕೊಳ್ಳೋದು ನವೆಂಬರ್ ಬಂದ ಮೇಲೆ, ಗಾಳಿ ಒಣಗಿದ ಮೇಲೆ. ಒಂದು ಭಾನುವಾರ ಬಿಟ್ಟು ಬೇರೆ ದಿನ ನೋಡಿ ಧಾರವಾಡದ ಬಸ್ಸು ಹತ್ತಿ, ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಏರುತ್ತೇನೆ. 1933ರಿಂದ ಪುಸ್ತಕ ತರುತ್ತಿರುವ ಮಂದಿ. ಅಲ್ಲಿ ಪುಸ್ತಕ ತೆಗೆದ ಕೂಡಲೇ ನಾನು ಮೊದಲು ಮೂಸಿ ನೋಡುತ್ತೇನೆ. ಚಟ ಅಲ್ಲ, ತಪಾಸಣೆ.

ಇನ್ನು ತವರಿಗೆ ಹೋದವು ಅಲ್ಲಿ ಸುಮ್ಮನೆ ಕೂತಿರಲ್ಲ. ಅಪ್ಪ ಓದುತ್ತಾರೆ. ಕೈಯಲ್ಲಿ ಪೆನ್ಸಿಲ್ ಬೇರೆ. ಮಾಸ್ತರಿಕೆ ಬಿಟ್ಟರೂ ತಿದ್ದೋದು ಬಿಟ್ಟಿಲ್ಲ. ಒಂದು ಕಾದಂಬರಿಯಲ್ಲಿ ನಾಯಕ ಎತ್ತು ಕೊಳ್ಳುವ ಪುಟದ ಅಂಚಿಗೆ "ಈ ರೇಟಿಗೆ ಎತ್ತು ಸಿಗೂದಿಲ್ಲ" ಅಂತ ಬರೆದಿದ್ದರು.

ಹೋದ ವರ್ಷ 14 ಪುಸ್ತಕ ಬಿಟ್ಟು ಬಂದೆ. ದೀಪಾವಳಿಗೆ ಚೀಲ ಬಿಚ್ಚಿದರೆ 11 ಇದ್ದವು. ಫೋನ್ ಮಾಡಿ ಕೇಳಿದೆ.

"ಮೂರು ನಾ ಇನ್ನೂ ಓದಾಕತ್ತೀನಿ" ಅಂದರು ಅಪ್ಪ. "ಅವಸರ ಏನೈತಿ? ಅಲ್ಲಿ ಮತ್ತ ಮಳಿ ಬರ್ತೈತಿ."